ಎದುರು ಸಾಲಿನವರು ಒಟ್ಟಿಗೆ ಕೂತಾಗ: ಬ್ರಿಟನ್ನಿನ ಅರ್ಥನೀತಿಯನ್ನು ಯಾರ ಮಾತಿನಿಂದ ತಿಳಿಯಬೇಕು?

ಬ್ರಿಟನ್ನಿನ ರಾಜಕೀಯವನ್ನು ಕೇಳಿ ತಿಳಿಯಬಯಸುವವರಿಗೆ ಈಗ ಆಯ್ಕೆಗಳ ಕೊರತೆಯಿಲ್ಲ. ಒಂದು ಕಾಲದಲ್ಲಿ ಸಂಸತ್ತಿನಲ್ಲಿ ಎದುರುಬದುರು ನಿಂತು ವಾದಿಸಿದ ಮಾಜಿ ಸಚಿವರು, ಒಬ್ಬರನ್ನೊಬ್ಬರು ಸೋಲಿಸಲು ಹಗಲಿರುಳು ದುಡಿದ ಪಕ್ಷದ ಸಲಹೆಗಾರರು ಇಂದು ಒಂದೇ ಮೇಜಿಗೆ ಕೂತು ವಾರವಾರ ಮಾತನಾಡುತ್ತಾರೆ. ಪಾಡ್‌ಕಾಸ್ಟ್ ರೂಪದಲ್ಲಿ ಬರುವ ಈ ಮಾತುಕತೆಯನ್ನು ಬೆಂಗಳೂರಿನಲ್ಲಿದ್ದವರೂ ಕೇಳಬಹುದು, ಬರ್ಮಿಂಗ್‌ಹ್ಯಾಮಿನ ಬಸ್ಸಿನಲ್ಲಿ ಕೆಲಸಕ್ಕೆ ಹೊರಟ ಕನ್ನಡಿಗರೂ ಕೇಳಬಹುದು. ಆದರೆ ಎಲ್ಲವನ್ನೂ ಕೇಳುವಷ್ಟು ಸಮಯ ಯಾರಿಗೂ ಇರುವುದಿಲ್ಲ. ಯಾವ ಜೋಡಿಯ ಮಾತು ಯಾವುದಕ್ಕೆ ಉಪಯೋಗ, ಎಲ್ಲಿ ಎಚ್ಚರ ಬೇಕು, ಯಾರ ಮಾತಿನಲ್ಲಿ ಏನು ಬಿಟ್ಟುಹೋಗುತ್ತದೆ ಎಂಬುದನ್ನು ಹೋಲಿಸಿ ನೋಡುವುದು ಈ ಬರಹದ ಕೆಲಸ.

ಇದು ಕೇವಲ ಕುತೂಹಲದ ವಿಷಯ ಎಂದು ನನಗೆ ಅನ್ನಿಸುವುದಿಲ್ಲ. ಲಂಡನ್ನಿನಲ್ಲಿ ಮಂಡನೆಯಾಗುವ ಬಜೆಟ್ ಅಲ್ಲಿ ದುಡಿಯುವ ನಮ್ಮ ನರ್ಸುಗಳ, ಎಂಜಿನಿಯರುಗಳ, ಓದಲು ಹೋದ ಮಕ್ಕಳ ಬದುಕನ್ನು ನೇರವಾಗಿ ಮುಟ್ಟುತ್ತದೆ. 2025ರ ಏಪ್ರಿಲ್‌ನಿಂದ ಉದ್ಯೋಗದಾತರು ಕಟ್ಟಬೇಕಾದ ರಾಷ್ಟ್ರೀಯ ವಿಮೆಯ (ಪಿಂಚಣಿ ಮುಂತಾದ ಸಾಮಾಜಿಕ ಭದ್ರತೆಗಾಗಿ ಸಂಬಳದ ಮೇಲೆ ವಸೂಲಾಗುವ ಹಣ) ವಂತಿಗೆ ಶೇ 13.8ರಿಂದ ಶೇ 15ಕ್ಕೆ ಏರಿತು. ಅದೇ ವರ್ಷದ ಜುಲೈನಲ್ಲಿ ನುರಿತ ಕೆಲಸಗಾರರ ವೀಸಾಕ್ಕೆ ಬೇಕಾದ ಸಾಮಾನ್ಯ ಕನಿಷ್ಠ ಸಂಬಳ ವರ್ಷಕ್ಕೆ 41,700 ಪೌಂಡ್ ಆಯಿತು. ಅದೇ ತಿಂಗಳು ಸಹಿಯಾದ ಭಾರತ–ಬ್ರಿಟನ್ ವ್ಯಾಪಾರ ಒಪ್ಪಂದದ ಜೊತೆಗೆ, ತಾತ್ಕಾಲಿಕವಾಗಿ ಅಲ್ಲಿಗೆ ಕಳುಹಿಸಲಾಗುವ ಭಾರತೀಯ ಉದ್ಯೋಗಿಗಳಿಗೆ ಮೂರು ವರ್ಷದವರೆಗೆ ಆ ವಿಮೆಯಿಂದ ವಿನಾಯಿತಿ ಕೊಡುವ ಮಾತೂ ಆಗಿದೆ. ಬೆಂಗಳೂರಿನ ಐಟಿ ಕಂಪನಿಗಳಿಗೆ ಇದು ಲಾಭದ ಸಂಗತಿಯಾದರೆ, ಬ್ರಿಟನ್ನಿನ ವಿರೋಧ ಪಕ್ಷಗಳಿಗೆ ಸರ್ಕಾರವನ್ನು ಹಣಿಯಲು ಸಿಕ್ಕ ಅಸ್ತ್ರವಾಯಿತು. ಇಂತಹ ನಿರ್ಧಾರಗಳು ಯಾಕೆ ಆಗುತ್ತವೆ, ಯಾವ ಲೆಕ್ಕಾಚಾರದಿಂದ ಆಗುತ್ತವೆ ಎಂದು ಒಳಗಿದ್ದವರ ಬಾಯಿಂದ ಕೇಳುವುದಕ್ಕೆ ಬೆಲೆ ಇದೆ.

ಯಾವ ಅಳತೆಯಿಂದ ಆರಿಸಬೇಕು

ಈ ಬಗೆಯ ಕಾರ್ಯಕ್ರಮಗಳನ್ನು ಸಾಮಾನ್ಯವಾಗಿ ಸೌಜನ್ಯಕ್ಕಾಗಿ ಹೊಗಳುತ್ತಾರೆ: ಬೇರೆ ಬೇರೆ ಪಕ್ಷದವರಾದರೂ ಎಷ್ಟು ಗೌರವದಿಂದ ಮಾತನಾಡುತ್ತಾರೆ ನೋಡಿ ಎಂದು. ಸೌಜನ್ಯ ಒಳ್ಳೆಯದೇ, ಆದರೆ ಆಯ್ಕೆಗೆ ಅದೊಂದೇ ಆಧಾರವಾಗಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ನಾನು ಕೇಳುವ ಪ್ರಶ್ನೆ ಬೇರೆ. ಮಾತನಾಡುತ್ತಿರುವ ಇಬ್ಬರೂ ಒಂದೇ ಖಾತೆಯನ್ನು, ಒಂದೇ ಕಾಲದಲ್ಲಿ, ಎದುರು ಬದಿಗಳಿಂದ ಹೊತ್ತಿದ್ದರೇ? ಅಂತಹ ಇಬ್ಬರು ಕೂತರೆ ಒಬ್ಬರು ಜಾರಿಕೊಳ್ಳಲು ನೋಡಿದಾಗ ಇನ್ನೊಬ್ಬರಿಗೆ ಕೂಡಲೇ ಗೊತ್ತಾಗುತ್ತದೆ, ಏಕೆಂದರೆ ಅದೇ ಅಂಕಿಸಂಖ್ಯೆಗಳನ್ನು ಅವರೂ ರಾತ್ರಿಯೆಲ್ಲ ಓದಿದ್ದವರು. ಇಬ್ಬರ ಅನುಭವ ಬೇರೆ ಬೇರೆ ಕ್ಷೇತ್ರದ್ದಾದರೆ ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ನಂಬಿಕೆಯ ಮೇಲೆ ಒಪ್ಪಿಕೊಳ್ಳುತ್ತಾರೆ, ಮತ್ತು ಕೇಳುಗರೂ ಹಾಗೆಯೇ ಒಪ್ಪಿಕೊಳ್ಳುತ್ತಾರೆ.

ಎರಡನೆಯ ಪ್ರಶ್ನೆ ಹಿತಾಸಕ್ತಿಯದು: ಮಾತನಾಡುವವರು ಈಗ ಏನು ಮಾಡುತ್ತಿದ್ದಾರೆ, ಯಾರ ಮನೆಯವರು, ಯಾರಿಂದ ಸಂಬಳ ಪಡೆಯುತ್ತಾರೆ? ಮೂರನೆಯದು, ಆ ಮೇಜಿನ ಸುತ್ತ ಯಾರು ಇಲ್ಲ? ಈ ಮೂರು ಪ್ರಶ್ನೆಗಳನ್ನು ಇಟ್ಟುಕೊಂಡು ಮುಂದಿನ ಹೋಲಿಕೆಯನ್ನು ಮಾಡಿದ್ದೇನೆ.

ಬಾಲ್ಸ್ ಮತ್ತು ಓಸ್ಬೋರ್ನ್: ಒಂದೇ ಖಾತೆ, ಎರಡು ಬದಿ

ಅರ್ಥನೀತಿಯೇ ನಿಮ್ಮ ಆಸಕ್ತಿಯಾಗಿದ್ದರೆ 2023ರ ಸೆಪ್ಟೆಂಬರ್‌ನಲ್ಲಿ ಶುರುವಾದ 'ಪೊಲಿಟಿಕಲ್ ಕರೆನ್ಸಿ'ಯನ್ನು ಮೊದಲು ಆರಿಸಿಕೊಳ್ಳಿ ಎಂದು ನಾನು ಹಿಂಜರಿಕೆಯಿಲ್ಲದೆ ಹೇಳುತ್ತೇನೆ. ಇದರ ಇಬ್ಬರು ಮಾತುಗಾರರು ಲೇಬರ್ ಪಕ್ಷದ ಎಡ್ ಬಾಲ್ಸ್ ಮತ್ತು ಕನ್ಸರ್ವೇಟಿವ್ ಪಕ್ಷದ ಜಾರ್ಜ್ ಓಸ್ಬೋರ್ನ್. ಓಸ್ಬೋರ್ನ್ 2010ರಿಂದ 2016ರವರೆಗೆ ಬ್ರಿಟನ್ನಿನ ಹಣಕಾಸು ಸಚಿವರಾಗಿದ್ದರು. 2011ರ ಜನವರಿಯಿಂದ 2015ರ ಮೇ ತಿಂಗಳವರೆಗೆ ಅವರ ಎದುರು ಛಾಯಾ ಹಣಕಾಸು ಸಚಿವರಾಗಿ, ಅಂದರೆ ವಿರೋಧ ಪಕ್ಷದ ಹಣಕಾಸು ವಕ್ತಾರರಾಗಿ ಕೂತಿದ್ದವರು ಬಾಲ್ಸ್. ಅದಕ್ಕೂ ಮುಂಚೆ ಬಾಲ್ಸ್, 1997ರಿಂದ 2007ರವರೆಗೆ ಲೇಬರ್ ಸರ್ಕಾರದ ಹಣಕಾಸು ಸಚಿವರೂ ಆಮೇಲೆ ಪ್ರಧಾನಿಯೂ ಆಗಿದ್ದ ಗಾರ್ಡನ್ ಬ್ರೌನ್ ಅವರ ಬಲಗೈಯಾಗಿ, ಖಜಾನೆ ಇಲಾಖೆಯ ಮುಖ್ಯ ಆರ್ಥಿಕ ಸಲಹೆಗಾರರಾಗಿ ಕೆಲಸ ಮಾಡಿದವರು. ಹಣಕಾಸು ಸಚಿವರಾಗಿ ಬ್ರೌನ್ ಕಳೆದ ಕೊನೆಯ ಎರಡು ವರ್ಷಗಳಲ್ಲಿ ಛಾಯಾ ಸಚಿವರಾಗಿ ಎದುರಿದ್ದವರು ಇದೇ ಓಸ್ಬೋರ್ನ್. ಹೀಗೆ ಒಂದೇ ಖಾತೆಯ ಆಳ ಅಗಲಗಳನ್ನು ಇಬ್ಬರೂ ಎರಡೂ ಬದಿಗಳಿಂದ ಬಲ್ಲರು.

ಅವರ ಅಂದಿನ ವೈರ ತೋರಿಕೆಯದಾಗಿರಲಿಲ್ಲ. 2010ರಲ್ಲಿ ಓಸ್ಬೋರ್ನ್ ಸರ್ಕಾರದ ವೆಚ್ಚವನ್ನು ದೊಡ್ಡ ಪ್ರಮಾಣದಲ್ಲಿ ಕಡಿತಗೊಳಿಸಲು ಹೊರಟಾಗ, ಆರ್ಥಿಕತೆ ಇನ್ನೂ ಚೇತರಿಸಿಕೊಳ್ಳುವ ಮುಂಚೆಯೇ ಇಷ್ಟು ವೇಗವಾಗಿ ಕತ್ತರಿಸಿದರೆ ಬೆಳವಣಿಗೆಯೇ ಕುಂಠಿತವಾಗುತ್ತದೆ ಎಂದು ಆ ವರ್ಷದ ಆಗಸ್ಟ್‌ನಲ್ಲಿಯೇ ಬಾಲ್ಸ್ ಸವಿಸ್ತಾರವಾಗಿ ವಾದಿಸಿದ್ದರು. ಆಮೇಲೆ ಸದನದಲ್ಲಿ ಎದುರು ಸಾಲಿನಲ್ಲಿ ಕೂತು, ಅಂಗೈಯನ್ನು ನೆಲಕ್ಕೆ ಸಮವಾಗಿ ಚಾಚಿ ಅತ್ತಿಂದಿತ್ತ ಸರಿಸುತ್ತ, ಆರ್ಥಿಕತೆ ಮೇಲೇಳದೆ ಮಲಗಿದೆ ಎಂದು ಸರ್ಕಾರದ ಸಾಲಿನತ್ತ ಸನ್ನೆ ಮಾಡುವುದು ಅವರ ಗುರುತೇ ಆಗಿಹೋಯಿತು. 2012ರಲ್ಲಿ, ಬ್ಯಾಂಕುಗಳು ಪರಸ್ಪರ ಕೊಡುವ ಸಾಲದ ಲೈಬರ್ ಬಡ್ಡಿದರವನ್ನು ತಿರುಚಿದ ಹಗರಣ ಹೊರಬಿದ್ದಾಗ, ಬ್ರೌನ್ ಅವರ ಸುತ್ತಲಿದ್ದವರಿಗೆ ಅದರಲ್ಲಿ ಪಾಲಿದೆ ಎಂದು ಓಸ್ಬೋರ್ನ್ ಜುಲೈನಲ್ಲಿ ಆರೋಪಿಸಿದರು. ಸದನದಲ್ಲಿ ಇಬ್ಬರ ನಡುವೆ ಬಿಸಿ ಏರಿತು. ಕೆಲವೇ ದಿನಗಳಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡಿನ ಅಂದಿನ ಉಪ ಗವರ್ನರ್ ಸಂಸದೀಯ ಸಮಿತಿಯ ಮುಂದೆ, ಆ ದರದ ವಿಷಯದಲ್ಲಿ ಯಾವ ಸಚಿವರೂ ತಮ್ಮ ಮೇಲೆ ಒತ್ತಡ ಹಾಕಿರಲಿಲ್ಲವೆಂದು ಹೇಳಿದರು. ಅದೇ ಡಿಸೆಂಬರ್‌ನಲ್ಲಿ ಹಣಕಾಸು ಹೇಳಿಕೆಗೆ ಉತ್ತರಿಸಲು ಎದ್ದ ಬಾಲ್ಸ್ ತೊದಲಿದಾಗ ಆಡಳಿತ ಪಕ್ಷದ ಸಾಲಿನಿಂದ ಗದ್ದಲವೆದ್ದಿತು. ತಮಗೆ ಉಗ್ಗಿನ ತೊಂದರೆ ಇರುವುದನ್ನು ಅವರು ಆ ಸಂದರ್ಭದಲ್ಲಿ ಮುಚ್ಚಿಡದೆ ಹೇಳಿಕೊಂಡರು. ಸದನದ ಆ ಗದ್ದಲದಲ್ಲಿ ಅರ್ಧಕ್ಕೇ ನಿಲ್ಲುತ್ತಿದ್ದ ವಾದಗಳನ್ನು ಈಗ ಅದೇ ಇಬ್ಬರ ಬಾಯಿಂದ ಪೂರ್ತಿಯಾಗಿ ಕೇಳಲು ಸಾಧ್ಯವಾಗಿದೆ ಎಂಬುದೇ ಈ ಕಾರ್ಯಕ್ರಮದ ದೊಡ್ಡ ಲಾಭ.

ಇಬ್ಬರನ್ನೂ ಅಧಿಕಾರದಿಂದ ಇಳಿಸಿದ ಬಗೆಯೂ ಕಠಿಣವೇ. 2015ರ ಚುನಾವಣೆಯಲ್ಲಿ ಬಾಲ್ಸ್ ತಮ್ಮ ಕ್ಷೇತ್ರವನ್ನು 422 ಮತಗಳಿಂದ ಕಳೆದುಕೊಂಡರು. ಮರುವರ್ಷ ಬ್ರೆಕ್ಸಿಟ್ ಜನಮತಗಣನೆಯ ನಂತರ ಪ್ರಧಾನಿಯಾದ ಥೆರೇಸಾ ಮೇ ಓಸ್ಬೋರ್ನ್ ಅವರನ್ನು ಸಂಪುಟದಿಂದ ಕೈಬಿಟ್ಟರು. ಮತ್ತೆ ಮತ ಕೇಳಬೇಕಾದ ಅಗತ್ಯ ಇಬ್ಬರಿಗೂ ಇಲ್ಲದಿರುವುದರಿಂದ ಅವರ ಮಾತಿನಲ್ಲಿ ಪಕ್ಷದ ವಕ್ತಾರರ ಮಾತಿನಲ್ಲಿಲ್ಲದ ಬಿಚ್ಚುಮನಸ್ಸು ಕಾಣುತ್ತದೆ.

ಅವರಿಬ್ಬರ ಮಾತನ್ನು ಒಟ್ಟಿಗೆ ಕೇಳಿದಾಗ ತೆರೆದುಕೊಳ್ಳುವ ಒಂದು ಸಂಗತಿ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಬ್ರಿಟನ್ನಿನ ಅರ್ಥವ್ಯವಸ್ಥೆಯನ್ನು ಇಂದು ಹಿಡಿದಿಟ್ಟಿರುವ ಎರಡು ಸಂಸ್ಥಾತ್ಮಕ ಕಟ್ಟುಪಾಡುಗಳಲ್ಲಿ ಒಂದು ಬಾಲ್ಸ್ ಅವರ ಕೈಯದು, ಇನ್ನೊಂದು ಓಸ್ಬೋರ್ನ್ ಅವರದು. 1997ರ ಮೇ 6ರಂದು, ಲೇಬರ್ ಗೆದ್ದ ಐದೇ ದಿನಗಳಲ್ಲಿ, ಬಡ್ಡಿದರ ನಿರ್ಧರಿಸುವ ಅಧಿಕಾರವನ್ನು ಬ್ರೌನ್ ಬ್ಯಾಂಕ್ ಆಫ್ ಇಂಗ್ಲೆಂಡಿಗೆ ಬಿಟ್ಟುಕೊಟ್ಟರು; ಆ ಯೋಜನೆಯ ರೂವಾರಿಗಳಲ್ಲಿ ಬಾಲ್ಸ್ ಪ್ರಮುಖರು. 2010ರಲ್ಲಿ ಓಸ್ಬೋರ್ನ್ ಸರ್ಕಾರದ ಲೆಕ್ಕಾಚಾರಗಳನ್ನು ಸ್ವತಂತ್ರವಾಗಿ ಅಂದಾಜಿಸುವ ಬಜೆಟ್ ಹೊಣೆಗಾರಿಕೆ ಕಚೇರಿಯನ್ನು, ಅಂದರೆ ಒಬಿಆರ್ ಎಂದು ಎಲ್ಲರೂ ಕರೆಯುವ ಸಂಸ್ಥೆಯನ್ನು ಹುಟ್ಟುಹಾಕಿದರು. ಓಸ್ಬೋರ್ನ್ ಬ್ಯಾಂಕಿನ ಸ್ವಾತಂತ್ರ್ಯವನ್ನು ಮುಟ್ಟಲಿಲ್ಲ. 2024ರಲ್ಲಿ ಬಂದ ಲೇಬರ್ ಸರ್ಕಾರ ಒಬಿಆರ್ ಅನ್ನು ಕಾನೂನಿನ ಮೂಲಕ ಇನ್ನಷ್ಟು ಗಟ್ಟಿ ಮಾಡಿತು. ನಡುವೆ 2022ರ ಸೆಪ್ಟೆಂಬರ್ 23ರಂದು ಲಿಜ್ ಟ್ರಸ್ ಸರ್ಕಾರ ಒಬಿಆರ್ ಅಂದಾಜನ್ನು ಬದಿಗಿಟ್ಟು, ಹಣದ ಮೂಲ ತೋರಿಸದೆ ಸುಮಾರು 45 ಶತಕೋಟಿ ಪೌಂಡುಗಳ ತೆರಿಗೆ ಕಡಿತವನ್ನು ಘೋಷಿಸಿತು. ಮೂರು ದಿನಗಳಲ್ಲಿ ಪೌಂಡ್ 1.04 ಡಾಲರಿಗಿಂತ ಕೆಳಗಿಳಿಯಿತು. ಐದನೆಯ ದಿನ ಸಾಲಪತ್ರಗಳ ಮಾರುಕಟ್ಟೆಯನ್ನು ಉಳಿಸಲು ಬ್ಯಾಂಕ್ ಆಫ್ ಇಂಗ್ಲೆಂಡ್ ತಾನೇ ಇಳಿಯಬೇಕಾಯಿತು. ಎದುರಾಳಿಗಳು ಒಬ್ಬರು ಕಟ್ಟಿದ್ದನ್ನು ಇನ್ನೊಬ್ಬರು ಯಾಕೆ ಕೆಡವಲಿಲ್ಲ ಎಂಬುದಕ್ಕೆ ಆ ಐದು ದಿನಗಳಿಗಿಂತ ದೊಡ್ಡ ಉತ್ತರ ಬೇಕಿಲ್ಲ. ಆದರೆ ಎಲ್ಲವನ್ನೂ ಹೀಗೆ ಉಳಿಸಿಕೊಂಡರು ಎಂದುಕೊಳ್ಳಬಾರದು. 1997ರಲ್ಲಿ ಲೇಬರ್ ಬ್ಯಾಂಕುಗಳ ಮೇಲ್ವಿಚಾರಣೆಯನ್ನು ಬ್ಯಾಂಕ್ ಆಫ್ ಇಂಗ್ಲೆಂಡಿನಿಂದ ತೆಗೆದು ಬೇರೊಂದು ಸಂಸ್ಥೆಗೆ ಕೊಡಲು ಹೊರಟಿತು. 2008ರ ಕುಸಿತದ ಪಾಠದ ನಂತರ ಓಸ್ಬೋರ್ನ್ ಆ ಸಂಸ್ಥೆಯನ್ನು ಮುಚ್ಚಿ 2013ರಲ್ಲಿ ಮೇಲ್ವಿಚಾರಣೆಯನ್ನು ಮತ್ತೆ ಬ್ಯಾಂಕಿಗೇ ಒಪ್ಪಿಸಿದರು.

ಕನ್ನಡಿಗರಿಗೆ ಹತ್ತಿರದ ಒಂದು ಉದಾಹರಣೆಯಿಂದ ಈ ಜೋಡಿಯ ಮೌಲ್ಯವನ್ನು ಇನ್ನೂ ಸ್ಪಷ್ಟವಾಗಿ ತೋರಿಸಬಹುದು. 2022ರ ಏಪ್ರಿಲ್‌ನಲ್ಲಿ, ಅಂದು ಹಣಕಾಸು ಸಚಿವರಾಗಿದ್ದ ರಿಷಿ ಸುನಕ್ ಅವರ ಪತ್ನಿ, ಇನ್ಫೊಸಿಸ್‌ನಲ್ಲಿ ಷೇರುಗಳಿರುವ ಅಕ್ಷತಾ ಮೂರ್ತಿ ಅವರ 'ನಾನ್-ಡಾಮ್' ಸ್ಥಾನಮಾನ ಸುದ್ದಿಯಾಯಿತು. ಬ್ರಿಟನ್ನಿನಲ್ಲಿ ವಾಸವಿದ್ದರೂ ತಮ್ಮ ಶಾಶ್ವತ ನೆಲೆ ಬೇರೆ ದೇಶ ಎಂದು ತೋರಿಸಿಕೊಂಡವರು, ಹೊರದೇಶದಲ್ಲಿ ಗಳಿಸಿ ಅಲ್ಲೇ ಬಿಟ್ಟ ಆದಾಯಕ್ಕೆ ಬ್ರಿಟನ್ನಿನಲ್ಲಿ ತೆರಿಗೆ ಕಟ್ಟದಿರಲು ಅವಕಾಶವಿದ್ದ ವ್ಯವಸ್ಥೆ ಅದು. ಅದು ಕಾನೂನುಬದ್ಧವೇ ಆಗಿತ್ತು. ಟೀಕೆ ಬಂದ ಮೇಲೆ ಅವರು ತಮ್ಮ ಎಲ್ಲ ಆದಾಯಕ್ಕೂ ಅಲ್ಲಿಯೇ ತೆರಿಗೆ ಕಟ್ಟುವುದಾಗಿ ತಿಳಿಸಿದರು. ನಮ್ಮಲ್ಲಿ ಈ ಸುದ್ದಿ ಒಂದು ಕುಟುಂಬದ ಸುದ್ದಿಯಾಗಿ ಬಂದು ಹೋಯಿತು. ಅದರ ಹಿಂದಿನ ನೀತಿಯ ಕಥೆ ಮಾತ್ರ ಬಾಲ್ಸ್ ಮತ್ತು ಓಸ್ಬೋರ್ನ್ ಅವರ ಇಡೀ ರಾಜಕೀಯ ಜೀವನದ ಉದ್ದಕ್ಕೂ ಹರಡಿಕೊಂಡಿದೆ.

2007ರ ಅಕ್ಟೋಬರ್ ಮೊದಲ ವಾರ ಪಕ್ಷದ ಸಮಾವೇಶದಲ್ಲಿ ಓಸ್ಬೋರ್ನ್, ಉತ್ತರಾಧಿಕಾರ ತೆರಿಗೆಯ ಮಿತಿಯನ್ನು 10 ಲಕ್ಷ ಪೌಂಡಿಗೆ ಏರಿಸುವುದಾಗಿಯೂ ಅದಕ್ಕೆ ಬೇಕಾದ ಹಣವನ್ನು ನಾನ್-ಡಾಮ್‌ಗಳ ಮೇಲೆ ವರ್ಷಕ್ಕೆ 25,000 ಪೌಂಡ್ ಶುಲ್ಕ ಹಾಕಿ ಸಂಗ್ರಹಿಸುವುದಾಗಿಯೂ ಘೋಷಿಸಿದರು. ಜನಮತ ಒಮ್ಮೆಗೇ ಕನ್ಸರ್ವೇಟಿವ್ ಪಕ್ಷದತ್ತ ವಾಲಿತು. ಅವಧಿಗೆ ಮುಂಚೆ ಚುನಾವಣೆ ನಡೆಸಲು ಸಿದ್ಧರಾಗಿದ್ದ ಬ್ರೌನ್ ಅದೇ ವಾರಾಂತ್ಯ ಹಿಂದೆ ಸರಿದರು. ಬ್ರೌನ್ ಅವರ ಒಳವಲಯದಲ್ಲಿದ್ದವರಲ್ಲಿ ಬಾಲ್ಸ್ ಕೂಡ ಒಬ್ಬರು. ಮರುವರ್ಷ ಲೇಬರ್ ಸರ್ಕಾರವೇ ದೀರ್ಘಕಾಲ ನೆಲೆಸಿದ ನಾನ್-ಡಾಮ್‌ಗಳಿಗೆ 30,000 ಪೌಂಡ್ ಶುಲ್ಕ ವಿಧಿಸಿತು. 2015ರ ಏಪ್ರಿಲ್‌ನಲ್ಲಿ ಲೇಬರ್ ನಾಯಕ ಎಡ್ ಮಿಲಿಬ್ಯಾಂಡ್ ಈ ಸ್ಥಾನಮಾನವನ್ನೇ ರದ್ದುಪಡಿಸುವ ಭರವಸೆ ಕೊಟ್ಟರು. ಆದರೆ ಪೂರ್ತಿ ರದ್ದುಪಡಿಸಿದರೆ ದೇಶಕ್ಕೆ ಬಹುಶಃ ನಷ್ಟವೇ ಆಗಬಹುದು ಎಂದು ಮೂರು ತಿಂಗಳ ಹಿಂದಷ್ಟೇ ಬಾಲ್ಸ್ ಸಂದರ್ಶನವೊಂದರಲ್ಲಿ ಹೇಳಿದ್ದು ಆಗ ಹೊರಬಂದು ಪಕ್ಷಕ್ಕೆ ಮುಜುಗರವಾಯಿತು. ಗೆದ್ದು ಬಂದ ಓಸ್ಬೋರ್ನ್ ಅದೇ ಜುಲೈನಲ್ಲಿ ಶಾಶ್ವತ ನಾನ್-ಡಾಮ್ ಸ್ಥಾನಮಾನಕ್ಕೆ ಮಿತಿ ಹಾಕಿದರು. ಕೊನೆಗೆ 2024ರ ಮಾರ್ಚ್‌ನಲ್ಲಿ ಕನ್ಸರ್ವೇಟಿವ್ ಸಚಿವ ಜೆರೆಮಿ ಹಂಟ್ ರದ್ದತಿಯನ್ನು ಘೋಷಿಸಿದರು, 2025ರ ಏಪ್ರಿಲ್‌ನಲ್ಲಿ ಲೇಬರ್ ಸಚಿವೆ ರೇಚಲ್ ರೀವ್ಸ್ ಅವರ ಕಾಲದಲ್ಲಿ ಅದು ಜಾರಿಗೆ ಬಂತು. ಶ್ರೀಮಂತರು ದೇಶ ಬಿಟ್ಟು ಹೋಗುತ್ತಾರೆಯೇ, ಹೋದರೆ ತೆರಿಗೆ ಆದಾಯ ಎಷ್ಟು ಕುಗ್ಗುತ್ತದೆ, ನ್ಯಾಯ ದೊಡ್ಡದೇ ಆದಾಯ ದೊಡ್ಡದೇ ಎಂಬ ಪ್ರಶ್ನೆಗಳನ್ನು ಇಷ್ಟು ವರ್ಷ ಎರಡೂ ಕಡೆಯಿಂದ ಜಗ್ಗಾಡಿದ ಇಬ್ಬರಿಗಿಂತ ಚೆನ್ನಾಗಿ ವಿವರಿಸಬಲ್ಲವರು ಯಾರಿದ್ದಾರೆ?

ಇನ್ನು ಎಚ್ಚರದ ಮಾತು. ಬಾಲ್ಸ್ ಅವರ ಪತ್ನಿ ಇವೆಟ್ ಕೂಪರ್ 2024ರ ಜುಲೈನಲ್ಲಿ ಗೃಹ ಸಚಿವೆಯಾದರು, 2025ರ ಸೆಪ್ಟೆಂಬರ್‌ನಲ್ಲಿ ವಿದೇಶಾಂಗ ಸಚಿವೆಯಾದರು. ವೀಸಾ ನಿಯಮಗಳನ್ನು ಬಿಗಿಗೊಳಿಸಿದ, ಹೊರದೇಶದಿಂದ ಆರೈಕೆ ಕೆಲಸಗಾರರನ್ನು ಹೊಸದಾಗಿ ಕರೆಸಿಕೊಳ್ಳುವುದನ್ನು ನಿಲ್ಲಿಸಿದ, ಪದವಿಯ ನಂತರ ಉಳಿಯುವ ಅವಧಿಯನ್ನು ಎರಡು ವರ್ಷದಿಂದ ಹದಿನೆಂಟು ತಿಂಗಳಿಗೆ ಇಳಿಸಲು ತೀರ್ಮಾನಿಸಿದ 2025ರ ಮೇ ತಿಂಗಳ ಶ್ವೇತಪತ್ರ ಬಂದದ್ದು ಅವರು ಗೃಹ ಸಚಿವೆಯಾಗಿದ್ದಾಗಲೇ. ಆದ್ದರಿಂದ ವಲಸೆ ನೀತಿಯ ಬಗ್ಗೆ ಬಾಲ್ಸ್ ಏನು ಹೇಳಿದರೂ, ಏನು ಹೇಳದೆ ಬಿಟ್ಟರೂ, ಈ ಸಂಬಂಧವನ್ನು ನೆನಪಿಟ್ಟುಕೊಂಡೇ ಕೇಳಬೇಕು. ಕನ್ನಡಿಗ ವಿದ್ಯಾರ್ಥಿಗಳಿಗೂ ಕೆಲಸಗಾರರಿಗೂ ಎಲ್ಲಕ್ಕಿಂತ ಹತ್ತಿರದ ವಿಷಯವೇ ಇದು ಎಂಬುದನ್ನು ಮರೆಯಬಾರದು. ಓಸ್ಬೋರ್ನ್ 2021ರಿಂದ ಬ್ರಿಟಿಷ್ ಮ್ಯೂಸಿಯಮ್ಮಿನ ಅಧ್ಯಕ್ಷರು, ಹೂಡಿಕೆ ಸಲಹಾ ಸಂಸ್ಥೆಯೊಂದರಲ್ಲಿ ಪಾಲುದಾರರಾಗಿದ್ದವರು. 2025ರ ಕೊನೆಯಲ್ಲಿ ಓಪನ್‌ಎಐ ಕಂಪನಿಯನ್ನು ಸೇರುವುದಾಗಿ ಪ್ರಕಟಿಸಿದರು. ಕೃತಕ ಬುದ್ಧಿಮತ್ತೆಯ ನೀತಿಯ ಕುರಿತು ಅವರ ಮಾತನ್ನು ಅದಕ್ಕೆ ತಕ್ಕಂತೆ ತೂಗಬೇಕು.

ಇದಕ್ಕಿಂತ ಮುಖ್ಯವಾದುದು ಇನ್ನೊಂದಿದೆ. ತಮ್ಮ ತಮ್ಮ ದಾಖಲೆಯನ್ನು ಸಮರ್ಥಿಸಿಕೊಳ್ಳುವ ಸಹಜ ಆಸೆ ಇಬ್ಬರಿಗೂ ಇದೆ. ಎರಡು ಮಕ್ಕಳಿಗಿಂತ ಹೆಚ್ಚಿನ ಮಕ್ಕಳಿಗೆ ಸರ್ಕಾರಿ ನೆರವು ಸಿಗದಂತೆ ಮಾಡಿದ ನಿಯಮವನ್ನು 2015ರಲ್ಲಿ ಘೋಷಿಸಿದವರು ಓಸ್ಬೋರ್ನ್. 2024ರ ಜುಲೈನಲ್ಲಿ ಅದನ್ನು ರದ್ದುಪಡಿಸಬೇಕೆಂದು ಮತ ಹಾಕಿದ ಏಳು ಲೇಬರ್ ಸಂಸದರನ್ನು ಪಕ್ಷವೇ ಸಂಸದೀಯ ಗುಂಪಿನಿಂದ ಅಮಾನತು ಮಾಡಿತು. 2025ರ ನವೆಂಬರ್ 26ರ ಬಜೆಟ್‌ನಲ್ಲಿ ಅದೇ ಸರ್ಕಾರ ಆ ನಿಯಮವನ್ನು ಕೈಬಿಟ್ಟಿತು. ಇಂತಹ ವಿಷಯದಲ್ಲಿ ನಿಯಮವನ್ನು ರೂಪಿಸಿದವರು ಒಂದು ಬದಿಯಲ್ಲಿ, ಅದನ್ನು ತಕ್ಷಣ ತೆಗೆಯಲು ಹಿಂಜರಿದ ಪಕ್ಷದ ಹಿರಿಯರು ಇನ್ನೊಂದು ಬದಿಯಲ್ಲಿ ಕೂತಾಗ, ಆ ನಿಯಮದಿಂದ ನಲುಗಿದ ಕುಟುಂಬಗಳ ದನಿ ಮೇಜಿನ ಮೇಲೆ ಇರುವುದಿಲ್ಲ. ಆ ಕೊರತೆಯನ್ನು ಕೇಳುಗರೇ ಬೇರೆ ಕಡೆಯಿಂದ ತುಂಬಿಕೊಳ್ಳಬೇಕು.

ಕ್ಯಾಂಬೆಲ್ ಮತ್ತು ಸ್ಟುವರ್ಟ್: ಹರವು ಹೆಚ್ಚು, ಅರ್ಥಶಾಸ್ತ್ರ ಕಡಿಮೆ

2022ರ ಮಾರ್ಚ್‌ನಲ್ಲಿ ಆರಂಭವಾದ 'ದ ರೆಸ್ಟ್ ಈಸ್ ಪಾಲಿಟಿಕ್ಸ್' ಈ ಬಗೆಯ ಕಾರ್ಯಕ್ರಮಗಳಲ್ಲಿ ಹೆಚ್ಚು ಜನಪ್ರಿಯವಾದದ್ದು. ಉಳಿದವರಿಗೆ ದಾರಿ ತೋರಿಸಿದ್ದೂ ಅದೇ. ಟೋನಿ ಬ್ಲೇರ್ ಅವರ ಪ್ರಚಾರ ಮತ್ತು ಸಂಪರ್ಕ ವಿಭಾಗದ ಮುಖ್ಯಸ್ಥರಾಗಿದ್ದ ಅಲಸ್ಟೇರ್ ಕ್ಯಾಂಬೆಲ್ ಮತ್ತು ಕನ್ಸರ್ವೇಟಿವ್ ಸಂಪುಟದಲ್ಲಿ ಅಂತರರಾಷ್ಟ್ರೀಯ ಅಭಿವೃದ್ಧಿ ಸಚಿವರಾಗಿದ್ದ ರೋರಿ ಸ್ಟುವರ್ಟ್ ಇದರ ಮಾತುಗಾರರು. ಸೌಮ್ಯವಾಗಿ ಭಿನ್ನಾಭಿಪ್ರಾಯ ಹೇಳುವುದು ಅವರ ಘೋಷಿತ ನಿಯಮ, ಮತ್ತು ಅದನ್ನು ಅವರು ಪಾಲಿಸುತ್ತಾರೆ.

ಆದರೆ ಇವರು ನಿಜವಾದ ಅರ್ಥದಲ್ಲಿ ಎದುರಾಳಿಗಳಾಗಿರಲಿಲ್ಲ ಎಂಬುದನ್ನು ಗಮನಿಸಬೇಕು. ಕ್ಯಾಂಬೆಲ್ 2003ರಲ್ಲಿ ಸರ್ಕಾರದ ಹುದ್ದೆ ಬಿಟ್ಟರು, ಸ್ಟುವರ್ಟ್ ಸಂಸತ್ತಿಗೆ ಬಂದದ್ದು 2010ರಲ್ಲಿ. ಅದೂ ಅಲ್ಲದೆ 2019ರಲ್ಲಿ ಇಬ್ಬರೂ ತಮ್ಮ ತಮ್ಮ ಪಕ್ಷದಿಂದ ಹೊರಬಿದ್ದವರು: ಯುರೋಪಿಯನ್ ಚುನಾವಣೆಯಲ್ಲಿ ಲಿಬರಲ್ ಡೆಮಾಕ್ರಾಟ್ ಪಕ್ಷಕ್ಕೆ ಮತ ಹಾಕಿದ್ದಾಗಿ ಹೇಳಿಕೊಂಡ ಕ್ಯಾಂಬೆಲ್ ಅವರನ್ನು ಲೇಬರ್ ಹೊರಹಾಕಿತು, ಒಪ್ಪಂದವಿಲ್ಲದ ಬ್ರೆಕ್ಸಿಟ್ ತಡೆಯಲು ಮತ ಹಾಕಿದ 21 ಸಂಸದರಲ್ಲಿ ಒಬ್ಬರಾದ ಸ್ಟುವರ್ಟ್ ಅವರನ್ನು ಬೋರಿಸ್ ಜಾನ್ಸನ್ ಸಂಸದೀಯ ಪಕ್ಷದಿಂದ ದೂರವಿಟ್ಟರು. ಬ್ರೆಕ್ಸಿಟ್‌ನಂತಹ ದೊಡ್ಡ ಪ್ರಶ್ನೆಯಲ್ಲಿ ಇಬ್ಬರೂ ಹೆಚ್ಚುಕಡಿಮೆ ಒಂದೇ ದಿಕ್ಕಿನವರಾದ್ದರಿಂದ ಅವರ ಸೌಜನ್ಯಕ್ಕೆ ಅಷ್ಟು ಕಠಿಣ ಪರೀಕ್ಷೆ ಎದುರಾಗುವುದಿಲ್ಲ.

ಅವರ ಶಕ್ತಿ ಇರುವುದು ವಿದೇಶಾಂಗ ವಿಷಯಗಳಲ್ಲಿ ಮತ್ತು ಅಧಿಕಾರದ ಒಳಮನೆಯ ವಿವರಗಳಲ್ಲಿ. ಇರಾಕ್ ಯುದ್ಧದ ಮಾತು ಬಂದರೆ ಇದು ಚೆನ್ನಾಗಿ ಗೊತ್ತಾಗುತ್ತದೆ: ಯುದ್ಧಕ್ಕೆ ಹೊರಟ ಪ್ರಧಾನಿಯ ಪಕ್ಕದಲ್ಲೇ ಇದ್ದವರು ಕ್ಯಾಂಬೆಲ್, ಯುದ್ಧದ ನಂತರ ದಕ್ಷಿಣ ಇರಾಕಿನ ಪ್ರಾಂತ್ಯಗಳಲ್ಲಿ ಆಡಳಿತ ನಡೆಸಲು ಹೋದವರು ಸ್ಟುವರ್ಟ್. ನಿರ್ಧಾರ ಮಾಡಿದ ಕೋಣೆ ಮತ್ತು ಅದರ ಪರಿಣಾಮ ಉಂಡ ನೆಲ ಎರಡೂ ಒಂದೇ ಮಾತುಕತೆಯಲ್ಲಿ ಸಿಗುವುದು ಅಪರೂಪ. ಆದರೆ ಇಬ್ಬರಲ್ಲಿ ಯಾರೂ ಖಜಾನೆ ಇಲಾಖೆಯಲ್ಲಿ ಕೂತವರಲ್ಲ. ಬಜೆಟ್ ವಾರದಲ್ಲಿ ಅವರ ವಿಶ್ಲೇಷಣೆ ರಾಜಕೀಯ ಪರಿಣಾಮದ ಸುತ್ತಲೇ ಸುತ್ತುತ್ತದೆ. ಯಾವ ತೆರಿಗೆ ಹೇಗೆ ಕೆಲಸ ಮಾಡುತ್ತದೆ ಎಂಬ ಆಳಕ್ಕೆ ಇಳಿಯುವುದು ಕಡಿಮೆ. ಭವಿಷ್ಯ ನುಡಿಯುವ ವಿಷಯದಲ್ಲೂ ಎಚ್ಚರ ಇರಲಿ: 2024ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯಲ್ಲಿ ಕಮಲಾ ಹ್ಯಾರಿಸ್ ನಿರಾಯಾಸವಾಗಿ ಗೆಲ್ಲುತ್ತಾರೆ ಎಂದು ಸ್ಟುವರ್ಟ್ ದೃಢವಾಗಿ ಹೇಳಿದ್ದರು.

ಉಳಿದ ಮೂರು

'ದ ಟೈಮ್ಸ್' ಪತ್ರಿಕೆಯ 'ಹೌ ಟು ವಿನ್ ಆನ್ ಎಲೆಕ್ಷನ್' ಚುನಾವಣಾ ತಂತ್ರದ ಬಗ್ಗೆ ಮಾತ್ರ ಆಸಕ್ತಿ ಇರುವವರಿಗೆ. ಲೇಬರ್‌ನ ಪೀಟರ್ ಮ್ಯಾಂಡೆಲ್ಸನ್, ಕನ್ಸರ್ವೇಟಿವ್ ಪಕ್ಷದ ಡೇನಿಯಲ್ ಫಿಂಕೆಲ್‌ಸ್ಟೈನ್, ಲಿಬರಲ್ ಡೆಮಾಕ್ರಾಟ್ ಪಕ್ಷದ ಪಾಲಿ ಮೆಕೆಂಜಿ ಎಂಬ ಮೂವರು ಸಲಹೆಗಾರರು 2024ರ ಚುನಾವಣೆಯ ಮುಂಚಿನ ಸಂಚಿಕೆಗಳಲ್ಲಿ ಪ್ರಚಾರದ ಒಳಮರ್ಮಗಳನ್ನು ಬಿಡಿಸಿಟ್ಟಿದ್ದಾರೆ. ಮ್ಯಾಂಡೆಲ್ಸನ್ ಆಮೇಲೆ ಅಮೆರಿಕಕ್ಕೆ ರಾಯಭಾರಿಯಾಗಿ ಹೋಗಿ, 2025ರ ಸೆಪ್ಟೆಂಬರ್‌ನಲ್ಲಿ ಆ ಹುದ್ದೆಯಿಂದ ವಜಾಗೊಂಡರು. ಅರ್ಥನೀತಿಗಾಗಿ ಇದನ್ನು ಕೇಳಬೇಕಾಗಿಲ್ಲ.

ಸ್ಕೈ ನ್ಯೂಸ್‌ನ 'ಎಲೆಕ್ಟೋರಲ್ ಡಿಸ್‌ಫಂಕ್ಷನ್' ಬೇರೆಯದೇ ಕಾರಣಕ್ಕೆ ನನಗೆ ಇಷ್ಟ. ಇಲ್ಲಿ ಪತ್ರಕರ್ತೆ ಬೆತ್ ರಿಗ್ಬಿ ನಡುವೆ ಕೂತು ಪ್ರಶ್ನೆ ಕೇಳುತ್ತಾರೆ. ಸ್ಕಾಟ್ಲೆಂಡಿನ ಕನ್ಸರ್ವೇಟಿವ್ ನಾಯಕಿಯಾಗಿದ್ದ ರೂತ್ ಡೇವಿಡ್‌ಸನ್ ಎದುರು ಮೊದಲು ಲೇಬರ್‌ನ ಜೆಸ್ ಫಿಲಿಪ್ಸ್, ಅವರು ಸಚಿವೆಯಾದ ಮೇಲೆ ಅದೇ ಪಕ್ಷದ ಹ್ಯಾರಿಯೆಟ್ ಹಾರ್ಮನ್ ಕೂತರು. ಮೇಲಿನ ಎರಡು ಜೋಡಿಗಳಲ್ಲಿ ಇಲ್ಲದ ಎರಡು ಅಂಶಗಳು ಇಲ್ಲಿವೆ: ಮಹಿಳೆಯರ ಅನುಭವ ಮತ್ತು ಲಂಡನ್ನಿನ ಆಚೆಗಿನ ದೃಷ್ಟಿ. ಹಾರ್ಮನ್ 1982ರಿಂದ 2024ರವರೆಗೆ ಸಂಸದೆಯಾಗಿದ್ದವರು. ಸಂಸತ್ತು ಹೇಗೆ ಬದಲಾಯಿತು ಎಂಬುದನ್ನು ಅವರಂತೆ ಕಂಡವರು ಕಡಿಮೆ.

ಇನ್ನು ಬಿಬಿಸಿಯ 'ದಿಸ್ ವೀಕ್'. 2003ರಿಂದ 2019ರವರೆಗೆ ಗುರುವಾರ ತಡರಾತ್ರಿ ಪ್ರಸಾರವಾಗುತ್ತಿದ್ದ ಈ ಟಿವಿ ಕಾರ್ಯಕ್ರಮ ಇಂದಿನ ಎಲ್ಲ ಜೋಡಿಗಳಿಗೂ ಹಿರಿಯಣ್ಣ. ಆಂಡ್ರ್ಯೂ ನೀಲ್ ನಡೆಸಿಕೊಡುತ್ತಿದ್ದ ಇದರಲ್ಲಿ ಮೊದಲ ವರ್ಷಗಳಲ್ಲಿ ಕೂರುತ್ತಿದ್ದವರು ಕನ್ಸರ್ವೇಟಿವ್ ಪಕ್ಷದ ಮೈಕೆಲ್ ಪೋರ್ಟಿಲೊ ಮತ್ತು ಲೇಬರ್‌ನ ಎಡಪಂಥದ ಡಯಾನ್ ಅಬಟ್. ಶಾಲಾ ದಿನಗಳಿಂದಲೇ ಪರಿಚಿತರಾಗಿದ್ದ ಇವರ ನಡುವಿನ ಸೈದ್ಧಾಂತಿಕ ಅಂತರ ಇಂದಿನ ಯಾವ ಜೋಡಿಯ ನಡುವಿನ ಅಂತರಕ್ಕಿಂತಲೂ ದೊಡ್ಡದು. ಪೋರ್ಟಿಲೊ ಛಾಯಾ ಹಣಕಾಸು ಸಚಿವರಾಗಿದ್ದಾಗ, 2000ದ ಫೆಬ್ರವರಿಯಲ್ಲಿ, ಬ್ಯಾಂಕ್ ಆಫ್ ಇಂಗ್ಲೆಂಡಿನ ಸ್ವಾತಂತ್ರ್ಯವನ್ನೂ ಕನಿಷ್ಠ ವೇತನವನ್ನೂ ತಮ್ಮ ಪಕ್ಷ ಒಪ್ಪುತ್ತದೆ ಎಂದು ಘೋಷಿಸಿದವರು. ಹಳೆಯ ತುಣುಕುಗಳು ಸಿಕ್ಕರೆ ನೋಡಬಹುದು, ಆದರೆ ಇಂದಿನ ನೀತಿಯನ್ನು ತಿಳಿಯಲು ಅದು ಸಾಲದು.

ಯಾರ ದನಿ ಇಲ್ಲಿ ಇಲ್ಲ

ಹಳೆಯ 'ದಿಸ್ ವೀಕ್' ಬಿಟ್ಟರೆ, ಇಂದಿನ ಈ ಎಲ್ಲ ಕಾರ್ಯಕ್ರಮಗಳಿಗೂ ಸಮಾನವಾದ ಒಂದು ದೊಡ್ಡ ಕೊರತೆ ಇದೆ. 2024ರ ಜುಲೈ ಚುನಾವಣೆಯಲ್ಲಿ ಲೇಬರ್ ಶೇ 33.7ರಷ್ಟು ಮತ ಪಡೆದು 411 ಸ್ಥಾನ ಗೆದ್ದಿತು. ನೈಜೆಲ್ ಫರಾಜ್ ಅವರ ರಿಫಾರ್ಮ್ ಪಕ್ಷ ಶೇ 14.3ರಷ್ಟು ಮತ ಪಡೆದು 5 ಸ್ಥಾನ ಮಾತ್ರ ಗಳಿಸಿತು. ಗ್ರೀನ್ ಪಕ್ಷಕ್ಕೆ 4 ಸ್ಥಾನ ಬಂದವು. ಎರಡು ಹಳೆಯ ಪಕ್ಷಗಳ ಮಧ್ಯಮ ಪಂಥದವರು ಕೂತು ಮಾತನಾಡುವ ಮೇಜಿನಲ್ಲಿ ಆ ಮತದಾರರ ಪರವಾಗಿ ಮಾತನಾಡುವವರು ಇಲ್ಲ. ಜೆರೆಮಿ ಕಾರ್ಬಿನ್ ಅವರ ಕಾಲದ ಲೇಬರ್‌ನ ಎಡಪಂಥದವರೂ ಇಲ್ಲ. 1997ರಿಂದ 2016ರವರೆಗಿನ ಅರ್ಥನೀತಿಯ ಮೂಲ ಚೌಕಟ್ಟು ಸರಿಯಾಗಿತ್ತು, ಆಚರಣೆಯಲ್ಲಷ್ಟೇ ತಪ್ಪುಗಳಾದವು ಎಂಬ ನಂಬಿಕೆ ಈ ಮಾತುಕತೆಗಳ ತಳದಲ್ಲಿ ಇದೆ. ಅದೇ ಚೌಕಟ್ಟಿನ ವಿರುದ್ಧ ಬ್ರಿಟನ್ನಿನ ಹಲವು ಕೈಗಾರಿಕಾ ಪಟ್ಟಣಗಳು 2016ರ ಬ್ರೆಕ್ಸಿಟ್ ಜನಮತಗಣನೆಯಲ್ಲಿ ಮತ ಹಾಕಿದವು. ಆ ಸಿಟ್ಟು ಎಲ್ಲಿಂದ ಬಂತು ಎಂಬುದನ್ನು ಇವರ ವಿಶ್ಲೇಷಣೆಯೊಂದರಿಂದಲೇ ಅರಿಯಲು ಆಗುವುದಿಲ್ಲ. ಎಷ್ಟೇ ಒಳ್ಳೆಯ ಮಾತುಗಾರರಾದರೂ ಈ ಮಿತಿಯನ್ನು ಅವರು ತಾವಾಗಿ ಮೀರಲಾರರು.

ಯಾರು ಯಾವುದನ್ನು ಆರಿಸಿಕೊಳ್ಳಬೇಕು

ಬ್ರಿಟನ್ನಿನಲ್ಲಿ ದುಡಿಯುವ, ಸಂಬಳದ ಚೀಟಿಯಲ್ಲಿ ಕಡಿತಗಳನ್ನು ನೋಡುವ ಕನ್ನಡಿಗರಿಗೆ ವಾರಕ್ಕೆ ಒಂದೇ ಗಂಟೆ ಬಿಡುವಿದ್ದರೆ ಬಾಲ್ಸ್–ಓಸ್ಬೋರ್ನ್ ಅವರ ಗುರುವಾರದ ಮುಖ್ಯ ಸಂಚಿಕೆಯನ್ನು ಕೇಳಿ. ಆದಾಯ ತೆರಿಗೆಯ ಮಿತಿಗಳನ್ನು 2031ರವರೆಗೆ ಏರಿಸದೆ ಹಾಗೆಯೇ ಇಟ್ಟರೆ ಸಂಬಳ ಹೆಚ್ಚಿದಂತೆ ನೀವು ಸದ್ದಿಲ್ಲದೆ ಹೆಚ್ಚು ತೆರಿಗೆಯ ಹಂತಕ್ಕೆ ಸರಿಯುತ್ತೀರಿ ಎಂಬಂತಹ ವಿಷಯಗಳು ಅಲ್ಲಿ ಸರಿಯಾಗಿ ಬಿಡಿಸಿಕೊಳ್ಳುತ್ತವೆ. ಕೇಳುಗರ ಪ್ರಶ್ನೆಗಳಿಗೆ ಉತ್ತರಿಸುವ ಸೋಮವಾರದ ಸಂಚಿಕೆ ಹೊಸಬರಿಗೆ ಇನ್ನೂ ಸುಲಭ. ವಲಸೆ ಮತ್ತು ವೀಸಾದ ವಿಷಯಕ್ಕೆ ಮಾತ್ರ ಈ ಕಾರ್ಯಕ್ರಮವನ್ನು ನೆಚ್ಚಿಕೊಳ್ಳಬೇಡಿ. ಅದಕ್ಕೆ ಸರ್ಕಾರದ ಅಧಿಕೃತ ಪ್ರಕಟಣೆಗಳನ್ನೇ ಓದಬೇಕು.

ಓದಲು ಹೊರಟಿರುವ ವಿದ್ಯಾರ್ಥಿಗಳಿಗೆ ಮತ್ತು ನಾಗರಿಕ ಸೇವಾ ಪರೀಕ್ಷೆಗೆ ತಯಾರಾಗುತ್ತಿರುವವರಿಗೆ ಕ್ಯಾಂಬೆಲ್–ಸ್ಟುವರ್ಟ್ ಹೆಚ್ಚು ಉಪಯುಕ್ತ, ಏಕೆಂದರೆ ಅಲ್ಲಿ ಬ್ರಿಟನ್ನಿನ ಜೊತೆಗೆ ಯುರೋಪು, ಅಮೆರಿಕ, ಪಶ್ಚಿಮ ಏಷ್ಯಾದ ಚರ್ಚೆಯೂ ಸಿಗುತ್ತದೆ. ಮಾತಿನ ವೇಗಕ್ಕೆ ಕಿವಿ ಒಗ್ಗಲು ಕೆಲವು ವಾರ ಬೇಕಾಗಬಹುದು. ಬರಹರೂಪ ಒದಗಿಸುವ ಆ್ಯಪ್‌ಗಳಲ್ಲಿ ಕೇಳಿದರೆ ಹೆಸರುಗಳೂ ಪದಗಳೂ ಬೇಗ ಹಿಡಿತಕ್ಕೆ ಬರುತ್ತವೆ. ಅರ್ಥಶಾಸ್ತ್ರದ ವಿದ್ಯಾರ್ಥಿಗಳೂ ಪತ್ರಕರ್ತರೂ ಬಾಲ್ಸ್–ಓಸ್ಬೋರ್ನ್ ಅವರನ್ನು ಬಿಡುವಂತೆಯೇ ಇಲ್ಲ, ಆದರೆ ಅದರ ಪಕ್ಕದಲ್ಲಿ ಒಬಿಆರ್ ವರದಿಯನ್ನೂ, ಯಾವ ಪಕ್ಷಕ್ಕೂ ಸೇರದ ಇನ್‌ಸ್ಟಿಟ್ಯೂಟ್ ಫಾರ್ ಫಿಸ್ಕಲ್ ಸ್ಟಡೀಸ್‌ನ ಬಜೆಟ್ ವಿಶ್ಲೇಷಣೆಯನ್ನೂ ಇಟ್ಟುಕೊಳ್ಳಬೇಕು. ಮಾತುಗಾರರು ಹೇಳಿದ ಅಂಕಿಯನ್ನು ವರದಿಯ ಅಂಕಿಯೊಡನೆ ತಾಳೆ ನೋಡುವ ರೂಢಿ ಬಂದರೆ ಅವರ ವಾದದ ಬಲವೂ ದೌರ್ಬಲ್ಯವೂ ತಾವಾಗಿಯೇ ಗೋಚರಿಸುತ್ತವೆ.

ಎರಡರಲ್ಲಿ ಯಾವುದು ಎಂದು ಇನ್ನೂ ನಿರ್ಧರಿಸಲಾಗದವರು ಒಂದೇ ಘಟನೆಯನ್ನು ಎರಡೂ ಕಡೆ ಕೇಳಿ ನೋಡುವುದು ಒಳ್ಳೆಯದು. ಅದಕ್ಕೆ 2024ರ ಅಕ್ಟೋಬರ್ 30ರ ಬಜೆಟ್ ಸೂಕ್ತ: ಸುಮಾರು 40 ಶತಕೋಟಿ ಪೌಂಡುಗಳ ತೆರಿಗೆ ಏರಿಕೆ ಇದ್ದ, ಉದ್ಯೋಗದಾತರ ವಿಮಾ ವಂತಿಗೆ ಶುರುವಾಗುವ ವಾರ್ಷಿಕ ಸಂಬಳದ ಮಿತಿಯನ್ನು 9,100 ಪೌಂಡಿನಿಂದ 5,000ಕ್ಕೆ ಇಳಿಸಿದ ಬಜೆಟ್ ಅದು. ಆ ವಾರದ ಸಂಚಿಕೆಗಳನ್ನು ಒಂದಾದ ಮೇಲೊಂದು ಕೇಳಿ. ಈ ಹೊರೆ ಕೊನೆಗೆ ಯಾರ ಸಂಬಳದ ಮೇಲೆ, ಯಾವ ಸಣ್ಣ ಅಂಗಡಿಯ, ಯಾವ ವೃದ್ಧಾಶ್ರಮದ ಮೇಲೆ ಬೀಳುತ್ತದೆ ಎಂಬುದನ್ನು ಯಾವ ಜೋಡಿ ನಿಮಗೆ ಹೆಚ್ಚು ಸ್ಪಷ್ಟವಾಗಿ ಹೇಳಿತು ಎಂಬುದನ್ನು ಗುರುತು ಹಾಕಿಕೊಂಡು, ಅದನ್ನೇ ಮುಂದುವರಿಸಿ.